ಮಾಳಿಗೆ ದೋಣಿಯ ಮಣ್ಣು, ಗಿಡ ತೆಗೆಯೋದು ಹೇಗೆ? ಏಣಿಯೋ, ಕೋಲೋ, ಯಂತ್ರವೋ, ಗೌಂಡಿಯೋ

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಮನೆ ಹಿಂದಿನ ಪತ್ರಾಸಿನ (ತಗಡಿನ ಮಾಡು) ದೋಣಿಯಲ್ಲಿ, ಅಂದರೆ ಮಳೆನೀರು ಹರಿದುಹೋಗೋಕೆ ಅಂಚಿಗೆ ಹಾಕಿದ ಕಾಲುವೆಯಲ್ಲಿ, ನಾಲ್ಕು ಬೇವಿನ ಸಸಿ, ಗೇಣುದ್ದದ ಒಂದು ಅರಳಿ, ಜೊತೆಗೆ ಒಂದು ಟೊಮ್ಯಾಟೊ ಗಿಡ ಬೆಳೆದಿದ್ದವು. ಟೊಮ್ಯಾಟೊದಲ್ಲಿ ಎರಡು ಕಾಯಿ ಬೇರೆ. ಕೆಳಗಿನಿಂದ ಕತ್ತೆತ್ತಿ ನೋಡಿದ ಅವ್ವ, "ಇರ್ಲಿ ಬಿಡೋ, ಸಾರಿಗಾಗ್ತಾವ" ಅಂದಳು. ಅದೇ ವಾರ ಒಂದು ರಾತ್ರಿ ಮಳೆ ಹೊಡೆಯಿತು. ದೋಣಿಯಲ್ಲಿ ಹರಿಯೋಕೆ ಜಾಗ ಇಲ್ಲದ ನೀರು ಗೋಡೆಯೊಳಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಹಿಂದೆ ಗೋಡೆಯೆಲ್ಲ ಒದ್ದೆ.

ಆಮೇಲೆ ಶುರುವಾಯಿತು ಹುಡುಕಾಟ. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಒಣ ಎಲೆಯನ್ನು ಉಫ್ ಅಂತ ಊದಿ ಹಾರಿಸುತ್ತಾರೆ. ಅದು ಎಲೆ ಉದುರುವ ದೇಶದವರ ಕಷ್ಟ. ಕಲಬುರಗಿಯಲ್ಲಿ ದೋಣಿಯಲ್ಲಿ ತುಂಬೋದು ಎಲೆಗಿಂತ ಜಾಸ್ತಿ ಮಣ್ಣು. ಬೇಸಿಗೆಯಲ್ಲಿ ಗಾಳಿಗೆ ಎದ್ದ ಎರೆಮಣ್ಣಿನ ಧೂಳು, ಶಹಾಬಾದ್, ವಾಡಿ, ಸೇಡಂ ಕಡೆಯವರಿಗೆ ಸಿಮೆಂಟಿನ ಧೂಳು, ದಾಲ್ ಮಿಲ್ ಹತ್ತಿರ ಇದ್ದವರಿಗೆ ತೊಗರಿ ಹೊಟ್ಟು, ಎಲ್ಲರಿಗೂ ಪಾರಿವಾಳದ ಹಿಕ್ಕಿ. ಇದರ ಮೇಲೆ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಉದುರುವ ಬೇವಿನ ಎಲೆ. ಎಲ್ಲ ಸೇರಿ ದೋಣಿಯೊಳಗೆ ಒಂದು ಪುಟ್ಟ ಹೊಲವೇ ತಯಾರಾಗುತ್ತದೆ. ಬೀಜ ಹಾಕೋಕೆ ಕಾಗೆ, ಗುಬ್ಬಿ ಇದ್ದೇ ಇವೆ.

ಹಾಗಾಗಿ ಯಾವ ಸಾಮಾನು ಕೊಳ್ಳಬೇಕು ಅನ್ನೋದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ದೋಣಿಯಲ್ಲಿ ಇರೋದು ಏನು? ನೀವು ನಿಲ್ಲೋದು ಎಲ್ಲಿ?

ಅಸಡ್ಡೆ ಮಾಡಿದರೆ ಎಷ್ಟು ಭಾರ ಅಂತಲೂ ಗೊತ್ತಿರಲಿ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಸೈಟಿನ ಪೂರ್ತಿ ಮಾಳಿಗೆ ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 5,500 ಲೀಟರ್ ನೀರು ಮಾಳಿಗೆ ನೀರು ಹೊರಗೆ ಬಿಡುವ ಒಂದೆರಡು ಹರನಾಳಿಗೆಯಿಂದಲೇ ಹೋಗಬೇಕು. ಹೋಗದೆ ಸುತ್ತಗೋಡೆಯೊಳಗೆ ನಾಲ್ಕು ಇಂಚು ನಿಂತರೆ ಹನ್ನೊಂದು ಟನ್. ಒಂದು ಟಿಪ್ಪರ್ ಉಸುಕನ್ನು ಮನೆ ಮೇಲೆ ಸುರಿದಷ್ಟು. 2020ರ ಅಕ್ಟೋಬರ್ ಮಳೆ ನೆನಪಿದೆ ಅಲ್ವಾ? ಭೀಮಾ ತುಂಬಿ ಹರಿದ ಆ ವಾರ ನಮ್ಮ ಓಣಿಯಲ್ಲಿ ಸೋರದ ಮನೆ ಹುಡುಕಬೇಕಿತ್ತು.

ಮಣ್ಣಿನ ಹದ

ಇದನ್ನು ರೈತರಿಗೆ ಹೇಳಿಕೊಡಬೇಕಿಲ್ಲ. ಎರೆಮಣ್ಣು ಒಣಗಿದರೆ ಇಟ್ಟಿಗೆ, ಪೂರ್ತಿ ನೆನೆದರೆ ಗೋಂದು. ಎರಡರಲ್ಲೂ ಕೆಲಸ ಆಗಲ್ಲ. ಮೇ ತಿಂಗಳ ಒಣ ದೋಣಿಗೆ ಕುರ್ಪಿ ಹಾಕಿದರೆ ಮಣ್ಣಿನ ಜೊತೆ ತಗಡೂ ಕೆರೆಯುತ್ತದೆ. ಮಳೆ ನಿಂತ ಮರುಕ್ಷಣ ಕೈ ಹಾಕಿದರೆ ಮೊಳಕೈವರೆಗೆ ಮೆತ್ತಿಕೊಳ್ಳುತ್ತದೆ, ಬಕೆಟ್ಟಿಗೆ ಬೀಳೋದಿಲ್ಲ. ನಾನು ಮಾಡೋದು ಹೀಗೆ: ಹಿಂದಿನ ದಿನ ಸಂಜೆ ದೋಣಿಯುದ್ದಕ್ಕೂ ನೀರು ಚಿಮುಕಿಸಿ ಬಿಡುತ್ತೇನೆ. ಸುರಿಯೋದಲ್ಲ, ಚಿಮುಕಿಸೋದು. ಬೆಳಿಗ್ಗೆ ಆರಕ್ಕೆ ಹೋದರೆ ಮಣ್ಣು ಹದಕ್ಕೆ ಬಂದಿರುತ್ತದೆ. ಕರಣಿ ಹಾಕಿದರೆ ಬರ್ಫಿ ಥರ ತುಂಡು ತುಂಡಾಗಿ ಏಳುತ್ತದೆ. ಹಿಕ್ಕಿಯ ಪುಡಿಯೂ ಹಾರೋದಿಲ್ಲ. ಒಣಗಿದ ಪಾರಿವಾಳದ ಹಿಕ್ಕಿ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಮಾಸ್ಕ್ ಹಾಕಿಕೊಂಡೇ ಹೋಗಿ.

ಎಂಟು ಗಂಟೆಗೆ ಇಳಿದುಬಿಡಿ. ಮೇ ತಿಂಗಳಲ್ಲಿ ಒಂಬತ್ತರ ಮೇಲೆ ಪತ್ರಾಸು ಅಂದರೆ ಕಾದ ಹಂಚು.

ಇನ್ನೊಂದು ಮಾತು. ಕೆಲಸ ಶುರು ಮಾಡುವ ಮೊದಲು ಇಳಿಪೈಪಿನ ಬಾಯಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ನೀವು ಎಬ್ಬಿಸಿದ ಮಣ್ಣೆಲ್ಲ ಪೈಪಿನೊಳಗೆ ಹೋಗಿ ಕೆಳಗಿನ ಬೆಂಡಿನಲ್ಲಿ ಕೂರುತ್ತದೆ. ಆ ಬಟ್ಟೆಗೆ ಒಂದು ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಎಲ್ಲಾದರೂ ಬಿಗಿಯಿರಿ. ನಾನು ಮೊದಲ ಸಲ ಹಗ್ಗ ಕಟ್ಟಿರಲಿಲ್ಲ. ಹಳೇ ಬನಿಯನ್ ಒಳಗೆ ಜಾರಿಹೋಯಿತು. ಪೈಪು ಕೊಯ್ದು ತೆಗೆಸಬೇಕಾಯಿತು.

ಮೇಲಿನಿಂದ ಬಾಗಿ ತೆಗೆಯೋದು

ಸ್ಲ್ಯಾಬಿನ ಮಾಳಿಗೆ, ಸುತ್ತಗೋಡೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಲ್ಲೋಕೆ ಗಟ್ಟಿ ನೆಲ ಇದೆ, ಕಣ್ಣಿಗೆ ಎಲ್ಲ ಕಾಣುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ನೀರಿನ ಟಾಕಿ ಹಿಂದಿನ ಮೂಲೆಯ ಹರನಾಳಿಗೆ ಕೈಗೆ ಸಿಗಲ್ಲ ಅಂದರೆ ಉದ್ದನೆ ಬಿದಿರಿಗೆ ಕುರ್ಪಿ ಬಿಗಿದು ಎಳೆಯಿರಿ. ಸುತ್ತಗೋಡೆಯಾಚೆ ದೋಣಿ ಇದ್ದರೆ, ಗೋಡೆ ಎದೆಮಟ್ಟ ಇದ್ದಾಗ ಮಾತ್ರ ಬಾಗಿ. ಮೊಣಕಾಲುಮಟ್ಟದ ಗೋಡೆ ಮೇಲೆ ಬಾಗೋದು, ಅದರ ಮೇಲೆ ಕೂತು ಕೈ ಚಾಚೋದು ಬೇಡವೇ ಬೇಡ.

ಸಾಮಾನು ಅಂತ ಜಾಸ್ತಿ ಏನೂ ಬೇಡ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಓರೆಯಾಗಿ ಕೊಯ್ಯಿರಿ. ಹಿಡಿಕೆ ನಿಮ್ಮ ಕೈಯಲ್ಲಿ, ಕೊಯ್ದ ಬಾಯಿ ಮುಂದೆ. ಪ್ಲಾಸ್ಟಿಕ್ ಆದ್ದರಿಂದ ದೋಣಿಯ ಆಕಾರಕ್ಕೆ ತಾನೇ ಬಾಗುತ್ತದೆ, ತಗಡಿಗೆ ಗೀರು ಬೀಳಲ್ಲ. ಅಂಗಡಿಯಲ್ಲಿ ಇದಕ್ಕೆ ಅಂತಲೇ ಮಾಡಿದ ಸಲಿಕೆ ಕಂಡಿದ್ದೇನೆ, ನನ್ನ ಎಣ್ಣೆ ಕ್ಯಾನಿನ ಮುಂದೆ ಅದು ಏನೂ ಅಲ್ಲ.

ಪತ್ರಾಸಿನ ಮೇಲೆ, ಸಿಮೆಂಟ್ ಶೀಟಿನ ಮೇಲೆ ಹತ್ತಿ ಹೋಗೋದು ಮಾತ್ರ ಬೇರೆ ಮಾತು. ಹಳೇ ಸಿಮೆಂಟ್ ಶೀಟು ನೋಡೋಕೆ ಗಟ್ಟಿ, ಕಾಲಿಟ್ಟರೆ ಹಪ್ಪಳ. ಅದರಲ್ಲಿ ಕಲ್ನಾರು ಇರುತ್ತದೆ, ಒಣಗಿದಾಗ ಕೆರೆದು ಅದರ ಪುಡಿ ಎಬ್ಬಿಸಬಾರದು. ಹಾಗೇ ನಮ್ಮ ಹಳೇ ಮನೆಗಳ ಶಹಾಬಾದ್ ಪರಸಿಯ (ಹಾಸುಗಲ್ಲಿನ) ಛಜ್ಜಾ. ಅದು ಬಿಸಿಲು, ಮಳೆ ತಡೆಯೋಕೆ ಇರೋದು, ಮನುಷ್ಯ ನಿಲ್ಲೋಕಲ್ಲ. ಕಬ್ಬಿಣ ಬಾಗುತ್ತದೆ, ಮರ ಲಟಲಟ ಅನ್ನುತ್ತದೆ. ಈ ಪರಸಿ ಏನೂ ಹೇಳದೆ ಒಮ್ಮೆಲೇ ಮುರಿಯುತ್ತದೆ.

ಏಣಿ ಹಾಕೋದು

ಒಂದಂತಸ್ತಿನ ಮನೆ, ಅಂಗಳದಲ್ಲಿ ಜಾಗ ಇದೆ ಅಂದರೆ ಏಣಿ ಸರಿ. ಲೆಕ್ಕ ಸುಲಭ: ಏಣಿ ನಾಲ್ಕಡಿ ಮೇಲೆ ಹೋದರೆ ಬುಡ ಒಂದಡಿ ಹೊರಗೆ. ಹನ್ನೆರಡು ಅಡಿ ಎತ್ತರಕ್ಕೆ ಮೂರಡಿ. ಕಷ್ಟ ಇರೋದು ಇಲ್ಲೇ. ಹಳೇ ಓಣಿಗಳಲ್ಲಿ ಮನೆ ಮನೆ ನಡುವಿನ ಸಂದಿ ಒಂದೂವರೆ ಅಡಿ. ಅಲ್ಲಿ ಏಣಿ ನೆಟ್ಟಗೆ ಕಂಬದ ಹಾಗೆ ನಿಲ್ಲುತ್ತದೆ. ಹತ್ತಿದವನು ಸ್ವಲ್ಪ ಹಿಂದೆ ವಾಲಿದರೂ ಏಣಿ ಸಮೇತ ಬೆನ್ನ ಮೇಲೆ. ಅಂಥ ಸಂದಿಗೆ ಏಣಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಏಣಿಯನ್ನು ದೋಣಿಗೆ ಒರಗಿಸಬೇಡಿ, ಗೋಡೆಗೆ ಒರಗಿಸಿ. ನಮ್ಮ ಅಂಗಳಗಳು ಬಹಳಷ್ಟು ಪಾಲಿಶ್ ಪರಸಿಯವು, ಏಣಿಯ ಕಾಲು ಸೋಪಿನ ಮೇಲೆ ಇಟ್ಟಂತೆ ಜಾರುತ್ತದೆ. ಕೆಳಗೆ ಒದ್ದೆ ಗೋಣಿಚೀಲ ಹಾಕಿ, ಒಬ್ಬರು ಬುಡ ಹಿಡಿದು ನಿಲ್ಲಲಿ. ಕೈ ಎಟುಕಲಿಲ್ಲ ಅಂದರೆ ಇಳಿದು ಏಣಿ ಸರಿಸಿ. ಇದು ಬೇಜಾರಿನ ಕೆಲಸ, ಮೂವತ್ತಡಿ ದೋಣಿಗೆ ಎಂಟು ಹತ್ತು ಸಲ ಇಳಿದು ಹತ್ತಬೇಕು. ಆ ಬೇಜಾರಿಗೇ "ಇನ್ನೊಂದು ಸ್ವಲ್ಪ" ಅಂತ ಚಾಚಿ ಜನ ಬೀಳುತ್ತಾರೆ.

ಮತ್ತೆ ಕರೆಂಟು. ಓಣಿಯಲ್ಲಿ ತಂತಿ ಮಾಳಿಗೆಗೆ ತಾಗುವಷ್ಟು ಹತ್ತಿರ ಇರುತ್ತದೆ. ಅಲ್ಯೂಮಿನಿಯಂ ಏಣಿ, ಕಬ್ಬಿಣದ ಪೈಪು ಎರಡೂ ಕರೆಂಟಿಗೆ ಹಾದಿ. ಬಿದಿರು ಒಣಗಿದ್ದರೆ ವಾಸಿ, ಹಸಿಯಿದ್ದರೆ ಅದನ್ನೂ ನಂಬಬೇಡಿ. ತಂತಿ ದೋಣಿಯ ಮಗ್ಗುಲಲ್ಲೇ ಹೋಗಿದ್ದರೆ ಜೆಸ್ಕಾಂನವರಿಗೆ (ಕರೆಂಟು ಕಂಪನಿ) ಹೇಳಿ ಲೈನ್ ಬಂದ್ ಮಾಡಿಸದೆ ಏಣಿ ಎತ್ತಬೇಡಿ.

ಕೆಳಗೆ ನಿಂತು ಕೋಲು, ಪೈಪು

ಬೀಳುವ ಭಯ ಇಲ್ಲ, ಅದೊಂದೇ ಇದರ ದೊಡ್ಡ ಗುಣ. ಮುಕ್ಕಾಲು ಇಂಚಿನ ಪಿವಿಸಿ ಪೈಪಿಗೆ ಮೇಲ್ತುದಿಯಲ್ಲಿ ಎರಡು ಎಲ್ಬೋ ಹಾಕಿ ಕೊಡೆಯ ಹಿಡಿಕೆಯ ಹಾಗೆ ಬಗ್ಗಿಸಿ, ಬಾಯಿಗೆ ತೂತಿನ ಕ್ಯಾಪ್ ಹಾಕಿ, ಕೆಳಗೆ ಮೋಟಾರಿನ ನೀರು ಬಿಟ್ಟರೆ ದೋಣಿಯೊಳಗೆ ಜೋರಾಗಿ ಹರಿಯುತ್ತದೆ. ಹೋದ ವಾರ ತಾನೇ ಸಾಫ್ ಮಾಡಿದ ದೋಣಿಗೆ, ಹೊಸ ಧೂಳಿಗೆ ಇದು ಚೆನ್ನಾಗಿದೆ. ವರ್ಷದ ಗಟ್ಟಿ ಮಣ್ಣಿಗೆ ಹಾಕಿದರೆ ಮಣ್ಣು ಗೋಂದಾಗಿ ಅಲ್ಲೇ ಕೂರುತ್ತದೆ, ಅರ್ಧ ನಿಮ್ಮ ತಲೆ ಮೇಲೆ ಬೀಳುತ್ತದೆ. ಒಳಗೆ ಏನಾಗುತ್ತಿದೆ ಅಂತ ಕಾಣೋದೂ ಇಲ್ಲ. ಕೋಲಿನ ತುದಿಗೆ ಮೊಬೈಲ್ ಕಟ್ಟಿ ವಿಡಿಯೋ ಮಾಡಿಕೊಂಡರೆ ನೋಡಬಹುದು. ನಮ್ಮ ಟೊಮ್ಯಾಟೊ ಪಕ್ಕದಲ್ಲಿ ಅರಳಿ ಇದೆ ಅಂತ ಗೊತ್ತಾಗಿದ್ದೇ ಹಾಗೆ.

ಕಾರ್ಖಾನೆಗಳಲ್ಲಿ ಬಳಸುವ ಒಣ-ಹಸಿ ಎರಡನ್ನೂ ಎಳೆಯುವ ವ್ಯಾಕ್ಯೂಮ್‌ಗೆ ಉದ್ದ ಪೈಪು ಸೇರಿಸಿಯೂ ಎಳೆಯುತ್ತಾರೆ. ಎಲೆ, ಹೊಟ್ಟು, ಸಡಿಲ ಧೂಳು ಬರುತ್ತದೆ. ಬೇರು ಬಿಟ್ಟ ಸಸಿ ಬರಲ್ಲ. ಮೂರಂತಸ್ತಿನ ಅಪಾರ್ಟ್‌ಮೆಂಟಿನವರು ಚಂದಾ ಹಾಕಿ ತರಿಸಿದರೆ ಲೆಕ್ಕ ಕೂಡುತ್ತದೆ, ಒಂದು ಮನೆಗೆ ದಂಡ.

ಬ್ಲೋವರ್ ಬಗ್ಗೆ ಒಂದೇ ಮಾತು: ನಿಮ್ಮ ಧೂಳು ಬಾಜೂ ಮನೆಯ ಸಂಡಿಗೆ ಮೇಲೆ.

ಪ್ರೆಶರ್ ವಾಷರ್ ಅನ್ನು ನಾನು ಬೇಡ ಅನ್ನುತ್ತೇನೆ. ಕಾರು ತೊಳೆಯುವ ಆ ಯಂತ್ರದ ನೀರು ಪತ್ರಾಸಿನ ಜೋಡಣೆಯ ಅಡಿಯಿಂದ ಒಳಗೆ ನುಗ್ಗುತ್ತದೆ. ಪರಸಿ ಮಾಳಿಗೆಯಾದರೆ ಕಲ್ಲಿನ ಸಂದಿಯ ಹಳೇ ಸುಣ್ಣದ ಗಾರೆಯನ್ನು ಕಿತ್ತೆಸೆಯುತ್ತದೆ. ದೋಣಿ ಸಾಫ್ ಆಗುತ್ತದೆ ನಿಜ, ಮುಂದಿನ ಮಳೆಗೆ ಹೊಸ ಜಾಗದಲ್ಲಿ ಸೋರುತ್ತದೆ.

ಆಳು ಕರೆಯೋದಾದರೆ

ಎರಡಂತಸ್ತಿನ ಮೇಲೆ, ಎರಡು ಪತ್ರಾಸಿನ ನಡುವಿನ ಕಣಿವೆ ದೋಣಿ, ಗೋಡೆಯೊಳಗೆ ಬೇರು ಬಿಟ್ಟ ಗಿಡ. ಈ ಮೂರಕ್ಕೆ ನೀವು ಕೈ ಹಾಕದೆ ಇರೋದೇ ವಾಸಿ. ಯಾರನ್ನು ಕರೆಯಬೇಕು ಅನ್ನೋದು ಕೆಲಸ ನೋಡಿ. ಬರೀ ಮಣ್ಣು, ಕಸ ಆದರೆ ಹೊರಗೋಡೆಗೆ ಬಣ್ಣ ಹೊಡೆಯುವ ಪೇಂಟರ್‌ಗಳು ಸಾಕು. ಅವರ ಹತ್ತಿರ ಹಗ್ಗ, ಜೋಕಾಲಿ, ಬೆಲ್ಟ್ ಇರುತ್ತದೆ, ಎತ್ತರದ ಅಭ್ಯಾಸ ಇರುತ್ತದೆ. ಗಿಡ ಇದ್ದರೆ ಗೌಂಡಿಯೇ (ಗಾರೆ ಕೆಲಸದವನೇ) ಬೇಕು, ಯಾಕೆಂದರೆ ಗಿಡ ತೆಗೆದ ಮೇಲೆ ಸಂದಿ ಮುಚ್ಚಬೇಕು, ಗಿಲಾವ್ ಮಾಡಬೇಕು.

ಗುತ್ತಿಗೆ ಮಾತಾಡಬೇಡಿ, ದಿನಗೂಲಿ ಮಾತಾಡಿ. ಗುತ್ತಿಗೆಗೆ ಬಂದವನು ಗಿಡವನ್ನು ಬುಡಕ್ಕೆ ಕಡಿದು ಹತ್ತು ನಿಮಿಷದಲ್ಲಿ ಇಳಿಯುತ್ತಾನೆ. ನಮಗೆ ಒಂದು ಸಲ ಹಾಗೇ ಆಯಿತು. ಮುಂದಿನ ಮೃಗಶಿರಾ ಮಳೆಗೆ ಒಂದು ಕಡೆ ಇದ್ದ ಅರಳಿ ಮೂರು ಕಡೆ ಚಿಗುರಿತು. ಈಗ ನಾನು ಕೇಳೋದು ಒಂದೇ: ಬೇರು ತಂದು ತೋರಿಸು. ಹಾಗೆಯೇ, ಬೆಲ್ಟ್ ಇಲ್ಲದೆ ಹತ್ತುತ್ತೇನೆ ಅಂದವನನ್ನು ಹತ್ತಿಸಬೇಡಿ. "ಏ, ಏನಾಗಲ್ರಿ" ಅನ್ನುತ್ತಾರೆ. ಆದರೆ ಆಗೋದು ನಿಮ್ಮ ಅಂಗಳದಲ್ಲಿ.

ಇನ್ನೊಂದು ದಾರಿ ಇದೆ, ಯಾವ ವಿಡಿಯೋದಲ್ಲೂ ಕಾಣಲ್ಲ. ಬಾಜೂ ಮನೆಯ ಮಾಳಿಗೆ. ನಮ್ಮ ದೋಣಿ ನಮ್ಮ ಕಡೆಯಿಂದ ಎಟುಕಲ್ಲ, ಅವರ ಸುತ್ತಗೋಡೆಯಿಂದ ಒಂದೂವರೆ ಅಡಿ ದೂರ, ಸೊಂಟದ ಎತ್ತರಕ್ಕೆ ಇದೆ. ಎರಡು ವರ್ಷ ಇದು ತಲೆಗೇ ಬಂದಿರಲಿಲ್ಲ. ಹೋಗಿ, "ಕಾಕಾ, ಒಂದು ತಾಸು ನಿಮ್ಮ ಮಾಳಗಿ ಮ್ಯಾಲ ಬರ್ಲೇನ್ರಿ?" ಅಂದೆ. "ಬಾರಪಾ, ಹಂಗೇ ನಮ್ದೂ ಹರನಾಳಿಗಿ ನೋಡಿಬಿಡು" ಅಂದರು. ಎರಡೂ ಮನೆ ಕೆಲಸ ಒಂದೂವರೆ ತಾಸಿನಲ್ಲಿ ಮುಗಿಯಿತು, ಮೇಲೆ ಚಹಾ.

ಗಿಡದ ವಿಷಯ

ಹುಲ್ಲು, ತುಂಬೆ, ಕಾಂಗ್ರೆಸ್ ಕಸ ಇವೆಲ್ಲ ಮಣ್ಣಿನ ಜೊತೆಗೇ ಎದ್ದು ಬರುತ್ತವೆ. ಕಾಂಗ್ರೆಸ್ ಕಸ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆತ ಬರುತ್ತದೆ, ಕೈಗವಸು ಇರಲಿ. ಕಸದಡಿ ಚೇಳೂ ಇರಬಹುದು. ಬೇವಿನ ಸಸಿ ಎರಡೆಲೆ ಇದ್ದಾಗ ಬೆರಳಲ್ಲಿ ಕೀಳಬಹುದು, ಒಂದು ಮಳೆಗಾಲ ಬಿಟ್ಟರೆ ಆಗಲ್ಲ. ಅದಕ್ಕೇ ನಾನು ವರ್ಷಕ್ಕೆ ಎರಡು ಸಲ ಹತ್ತುತ್ತೇನೆ: ರೋಹಿಣಿ ಮಳೆಗೆ ಮುಂಚೆ ಮಣ್ಣಿಗೆ, ಶ್ರಾವಣದಲ್ಲಿ ಸಸಿಗೆ. ಎರಡನೆಯದು ಅರ್ಧ ತಾಸಿನ ಕೆಲಸ.

ಅರಳಿ, ಆಲ, ಬಸರಿ ಬೇರೆಯೇ ಜಾತಿ. ಹಕ್ಕಿ ತಿಂದ ಹಣ್ಣಿನ ಸಾಸಿವೆಗಿಂತ ಸಣ್ಣ ಬೀಜ ಹಿಕ್ಕಿಯ ಜೊತೆ ಬೀಳುತ್ತದೆ. ಮಣ್ಣೇ ಬೇಡ, ಗೋಡೆಯ ಕೂದಲೆಳೆ ಬಿರುಕು ಸಾಕು. ಮೇಲೆ ಗೇಣುದ್ದ ಇದ್ದರೆ ಒಳಗೆ ಮೊಳದುದ್ದ ಇಳಿದಿರುತ್ತದೆ. ಎಳೆದರೆ ಏನಾಗುತ್ತದೆ ಅಂತ ನಮ್ಮ ಗೌಂಡಿ ಚೆನ್ನಾಗಿ ಹೇಳಿದ: "ಗಿಡ ಬರಂಗಿಲ್ರಿ, ಗ್ವಾಡಿ ಬರ್ತದ." ಅವನು ಸಣ್ಣ ಉಳಿಯಿಂದ ಬೇರಿನ ಎರಡೂ ಬದಿಯ ಗಾರೆ ಬಿಡಿಸಿ, ಬೇರು ಎಷ್ಟು ದೂರ ಬರುತ್ತದೋ ಅಷ್ಟು ತೆಗೆದ. ಒಳಗೆ ಉಳಿದ ತುದಿಯನ್ನು ಹಸಿ ಬಿಟ್ಟು ಮುಚ್ಚಲಿಲ್ಲ. ಎಂಟು ದಿನ ಬಿಸಿಲಿಗೆ ಬಿಟ್ಟು, ಮತ್ತೆ ಚಿಗುರಿದ್ದನ್ನು ಚಿವುಟಿ, ಪೂರ್ತಿ ಒಣಗಿದ ಮೇಲೆ ಸಂದಿ ತುಂಬಿದ. ಪರಸಿ ಗೋಡೆಗೆ ಸುಣ್ಣದ ಗಾರೆ, ಸಿಮೆಂಟ್ ಗೋಡೆಗೆ ಸಿಮೆಂಟ್.

ಅದಕ್ಕೂ ಮೊದಲು ಒಂದು ಪಂಚಾಯ್ತಿ ನಡೆಯಿತು. ಅರಳಿ ಕಡಿಯೋಕೆ ಅವನು ಒಪ್ಪಲಿಲ್ಲ. ಅವ್ವ ಮೇಲೆ ಹೋಗಿ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, "ತಪ್ಪಾಯ್ತು ತಾಯಿ, ಬ್ಯಾರೆ ಕಡೆ ಬೆಳಿ" ಅಂದ ಮೇಲೇ ಉಳಿ ಹಿಡಿದ. ದೋಣಿಯ ಮಣ್ಣಿನಲ್ಲಿದ್ದ ಚಿಕ್ಕ ಅರಳಿ ಬೇರು ಸಮೇತ ಬಂದಿತ್ತು, ಅದನ್ನು ಊರ ಹೊರಗೆ ಹಳ್ಳದ ದಂಡೆಗೆ ಹಚ್ಚಿ ಬಂದೆವು. ನಿಮ್ಮಲ್ಲೂ ಆಳು ಹಿಂದೆ ಮುಂದೆ ನೋಡಿದರೆ ಜಗಳ ಬೇಡ, ಒಂದು ತೆಂಗಿನಕಾಯಿ ತಂದಿಡಿ.

ಔಷಧಿ ಹಾಕೋಣವೇ ಅಂತ ಎಲ್ಲರೂ ಕೇಳುತ್ತಾರೆ. ಉಪ್ಪು ಸುರಿದರೆ ಸ್ಲ್ಯಾಬಿನೊಳಗಿನ ಸರಳಿಗೆ ತುಕ್ಕು. ಆ್ಯಸಿಡ್ ಹಾಕಿದರೆ ಗಿಡಕ್ಕಿಂತ ಮೊದಲು ಸಿಮೆಂಟು, ಸುಣ್ಣ, ಪರಸಿ ಕರಗುತ್ತವೆ. ಪರಸಿ ಅಂದರೆ ಸುಣ್ಣದ ಕಲ್ಲೇ ತಾನೆ. ಕಳೆನಾಶಕದ ವಿಷಯಕ್ಕೆ ಬಂದರೆ, ಗ್ಲೈಫೊಸೇಟ್ ಅನ್ನು ಲೈಸನ್ಸ್ ಇರುವ ಕೀಟ ನಿಯಂತ್ರಣದವರ ಮೂಲಕವೇ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಮಾಳಿಗೆ ನೀರನ್ನು ಸಂಪಿಗೆ ಬಿಡುವವರು ಆ ಯೋಚನೆಯನ್ನೇ ಬಿಡಿ. ಉಳಿ, ಬಿಸಿಲು, ತಾಳ್ಮೆ ಸಾಕು.

ಜಾಲಿ ಹಾಕಿದರೆ ಮುಗೀತಾ?

ಅರ್ಧ ಮುಗೀತು. ಹರನಾಳಿಗೆಯ ಬಾಯಿಗೆ ಚಪ್ಪಟೆ ಜಾಲಿ ಹಾಕಿದರೆ ಎರಡು ಎಲೆ ಬಿದ್ದರೂ ಮುಚ್ಚಿಹೋಗುತ್ತದೆ. ಬುಟ್ಟಿ ಬೋರಲು ಹಾಕಿದ ಹಾಗೆ ಉಬ್ಬಿದ ಜಾಲಿ ಬೇಕು, ಕೆಳಗೆ ಎಲೆ ಕೂತರೂ ಮೇಲಿನ ತೂತಿನಿಂದ ನೀರು ಹೋಗುತ್ತದೆ. ದೋಣಿಯುದ್ದಕ್ಕೂ ಜಾಲಿ ಮುಚ್ಚೋದು ನಮ್ಮ ಕಡೆ ಕೂಡಿ ಬರಲ್ಲ. ಎಲೆ ಮೇಲೆ ನಿಲ್ಲುತ್ತದೆ, ಧೂಳು ಒಳಗೆ ಇಳಿಯುತ್ತದೆ, ಸಾಫ್ ಮಾಡಲು ಜಾಲಿಯನ್ನೂ ಬಿಚ್ಚಬೇಕು. ಆ ದುಡ್ಡಿನಲ್ಲಿ ಮೂರು ಇಂಚಿನ ಇಳಿಪೈಪು ತೆಗೆದು ನಾಲ್ಕು ಇಂಚಿನದು ಹಾಕಿಸಿ. ಒಂದೇ ಇಂಚು ಜಾಸ್ತಿ ಅನಿಸಿದರೂ ಒಳಗಿನ ಜಾಗ ಹೆಚ್ಚುಕಡಿಮೆ ಎರಡು ಪಟ್ಟು.

ಎಲ್ಲ ಮುಗಿದ ಮೇಲೆ ಬಟ್ಟೆ ಎಳೆದು, ದೋಣಿಯ ದೂರದ ತುದಿಯಿಂದ ಎರಡು ಕೊಡ ನೀರು ಬಿಡಿ. ಕೆಳಗೆ ಒಬ್ಬರು ಪೈಪಿನ ಬಾಯಿ ಹತ್ತಿರ ಬಕೆಟ್ ಇಟ್ಟು ನಿಲ್ಲಲಿ. ಮೊದಲು ಕಪ್ಪು ನೀರು, ಆಮೇಲೆ ಚಹಾ ಬಣ್ಣ, ಆಮೇಲೆ ತಿಳಿ. ದೋಣಿಯ ನಡುವೆ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿ ಕ್ಲಾಂಪ್ ಇಳಿದಿದೆ ಅಂತ ಅರ್ಥ. ಅಷ್ಟರಲ್ಲಿ ಮೇಲಿರುವವರು ಇಳಿಯಬೇಡಿ, ಅದನ್ನೂ ಬಿಗಿದೇ ಇಳಿಯಿರಿ.